ಅಂಗೈಯಗಲದ ಬೆಂಕಿ

ಮಾವ ಮೈಸೂರು ಶೆಡ್ಡಿನಲ್ಲಿ ಮೀಟರ್‌ಗೇಜ್ ಇಂಜಿನ್ನುಗಳಿಗೆ ಫೈರ್‌ಮನ್ ಆಗಿ ಸೇರಿ, ಡ್ರೈವರ್ ಆಗಿ ನಿವೃತ್ತರಾದವರು. ಅಳಿಯ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದು, ಬಿಡುವಿನ ದಿನಗಳನ್ನೆಲ್ಲ ಐದಿಂಚು ಗೇಜಿನ ಪುಟ್ಟ ಉಗಿ ಇಂಜಿನ್ನಿಗೆ ಬರೆದುಕೊಟ್ಟವನು. ಮಾತು ನಡೆದದ್ದು ಅವನು ರಜೆಗೆ ಊರಿಗೆ ಬಂದಾಗ.

ಮಾವ: ಕಲ್ಲಿದ್ದಲು ಸಿಗ್ತಿಲ್ಲ ಅಂತ ಇಂಗ್ಲೆಂಡಿನವರು ಅಳ್ತಾರೆ ಅಂದ್ರೆ ನಂಗೆ ನಂಬೋಕೇ ಆಗಲ್ಲ ಕಣೋ. ಆ ದೇಶ ಕೂತಿರೋದೇ ಕಲ್ಲಿದ್ದಲಿನ ಮೇಲೆ ಅಂತ ಇಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಿ.

ಅಳಿಯ: ನೆಲದಡಿ ಈಗಲೂ ಇದೆ ಮಾವ, ತೆಗೆಯೋರಿಲ್ಲ. ವೇಲ್ಸಿನ ಮರ್ಥರ್ ಟಿಡ್‌ಫಿಲ್ ಹತ್ತಿರ ಫೋಸ್-ಅ-ವ್ರಾನ್ ಅಂತ ಒಂದು ತೆರೆದ ಗಣಿ ಇತ್ತು. ಉಗಿ ಇಂಜಿನ್ನಿಗೆ ಒಗ್ಗೋ ಕಲ್ಲಿದ್ದಲು ಅಲ್ಲಿಂದ ಬರ್ತಿತ್ತು. 2022ರ ಸೆಪ್ಟೆಂಬರಿಗೆ ಅದರ ಪರವಾನಗಿ ಮುಗೀತು, 2023ರ ನವೆಂಬರ್ ಕೊನೆಗೆ ಅಗೆಯೋದೂ ನಿಂತಿತು. ರಷ್ಯಾದ ಕಲ್ಲಿದ್ದಲು ಯುದ್ಧದ ದೆಸೆಯಿಂದ 2022ರ ಆಗಸ್ಟಿನಲ್ಲೇ ಬಂದ್ ಆಗಿತ್ತು. ಈಗ ಪ್ರವಾಸಿಗರನ್ನ ಹೊತ್ತು ಓಡೋ ಹಳೇ ರೈಲುಗಳೆಲ್ಲ ಹಡಗಿನಲ್ಲಿ ಬರೋ ಪರದೇಶದ ಕಲ್ಲಿದ್ದಲಿಗೆ ಕಾಯ್ತಾವೆ.

ಮಾವ: ಅವರದ್ದೇ ಕರೆಂಟಿನ ಕಾರ್ಖಾನೆಗಳಿಗೆ?

ಅಳಿಯ: ಕೊನೇದು ರಾಟ್‌ಕ್ಲಿಫ್‌ನದು, 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ದೊಡ್ಡ ಗಿರಾಕಿ ಹೋದ ಮೇಲೆ ನಮ್ಮಂಥ ಒಂದೆರಡು ಚೀಲದ ಗಿರಾಕಿಗೋಸ್ಕರ ಯಾರು ಗಣಿ ಅಗೀತಾರೆ? ಮನೆ ಒಲೆಗೆ ಮಾರ್ತಿದ್ದ ಕಲ್ಲಿದ್ದಲನ್ನೂ ಇಂಗ್ಲೆಂಡಿನಲ್ಲಿ ನಿಷೇಧಿಸಿದ್ದಾರೆ: ಚೀಲದ್ದನ್ನ 2021ರ ಮೇ ತಿಂಗಳಿಂದ, ಬಿಡಿಯಾಗಿ ಮಾರೋದನ್ನ 2023ರ ಮೇ ತಿಂಗಳಿಂದ. ಆ ಕಾನೂನು ಮನೆಗೆ, ಇಂಜಿನ್ನಿಗಲ್ಲ. ಆದರೆ ಮನೆಗೆ ಮಾರೋ ಡಿಪೋನೇ ಬಾಗಿಲು ಹಾಕಿದ ಮೇಲೆ ಇಂಜಿನ್ನಿಗೆ ಯಾರು ಕೊಡ್ತಾರೆ?

ಮಾವ: ಒಳ್ಳೇದೇ ಆಯ್ತು ಬಿಡು. ಆ ಹೊಗೆ ಕುಡಿದೇ ನನ್ನ ಅರ್ಧ ಆಯಸ್ಸು ಹೋಯ್ತು. ನಿನ್ನ ಆಟದ ಇಂಜಿನ್ನಿಗೆ ಎಷ್ಟು ಬೇಕು ಮಹಾ, ಒಂದು ಮಧ್ಯಾಹ್ನಕ್ಕೆ ಒಂದು ಬಕೆಟ್ಟು? ಏನು ಸಿಗುತ್ತೋ ಅದನ್ನ ಹಾಕು.

ಅಳಿಯ: ಅದೇ ಆಗಲ್ಲ ಅಂತ ಹೇಳ್ತಿರೋದು.

ಮಾವ: ನಾವು ಸಿಂಗರೇಣಿ ಕಲ್ಲಿದ್ದಲು ಉರಿಸಿದೋರು ಕಣಯ್ಯ. ನೂರು ಸಲಿಕೆ ಹಾಕಿದರೆ ಮೂವತ್ತು ಬರೀ ಬೂದಿ, ಕೆಲವು ಲೋಡು ಅದಕ್ಕೂ ಕಡೆ. ಅದರಲ್ಲೇ ವೈಪಿ ಇಂಜಿನ್ನಿಗೆ 210 ಪೌಂಡು ಸ್ಟೀಮು ನಿಲ್ಲಿಸಿ ಅರಸೀಕೆರೆಗೆ ಗಾಡಿ ಮುಟ್ಟಿಸಿದ್ದೀವಿ. ನಿಂದೆಷ್ಟು, ನೂರು ಪೌಂಡೂ ಇರಲಾರದು.

ಅಳಿಯ: 90.

ಮಾವ: ನೋಡಿದೆಯಾ! ಅಷ್ಟಕ್ಕೆ ವೇಲ್ಸಿನ ಕಲ್ಲಿದ್ದಲೇ ಬೇಕು ಅಂದ್ರೆ ಅದು ಕೊಬ್ಬು.

ಅಳಿಯ: ವೈಪಿಯಲ್ಲಿ ಬೆಂಕಿ ಕೂರೋ ಗ್ರೇಟು ಎಷ್ಟಗಲ ಇತ್ತು ಹೇಳಿ?

ಮಾವ: 28 ಚದರಡಿ.

ಅಳಿಯ: ನನ್ನ ಇಂಜಿನ್ನು ಅಲ್ಲಿನ ದೊಡ್ಡ ಗೇಜಿನ ಸುಮಾರು ಹನ್ನೊಂದನೇ ಒಂದು ಭಾಗ. ಉದ್ದ ಹನ್ನೊಂದು ಪಟ್ಟು ಇಳಿದರೆ ಗ್ರೇಟಿನ ವಿಸ್ತಾರ ನೂರಿಪ್ಪತ್ತು ಪಟ್ಟು ಇಳಿಯುತ್ತೆ. ಫೈರ್‌ಬಾಕ್ಸಿನ ಒಳಜಾಗ ಸಾವಿರದ ಮುನ್ನೂರು ಪಟ್ಟಿಗೂ ಹೆಚ್ಚು ಇಳಿಯುತ್ತೆ. ನಿಮ್ಮ 28 ಚದರಡಿಯನ್ನ ಹಾಗೆ ಇಳಿಸಿದರೆ ಮೂವತ್ತು ಚದರಿಂಚಿನ ಆಸುಪಾಸು. ನಂದು ಅದಕ್ಕಿಂತಲೂ ಚಿಕ್ಕದು, ಅಂಗೈಯಗಲ ಅಂತಲೇ ಇಟ್ಕೊಳಿ. ಅದರ ಮೇಲೆ ಎರಡೂವರೆ ಇಂಚು ದಪ್ಪದ ಬೆಂಕಿ. ಸುತ್ತ ತಾಮ್ರದ ಗೋಡೆ, ಗೋಡೆಯಾಚೆ ನೀರು. 90 ಪೌಂಡಿನಲ್ಲಿ ಆ ನೀರಿನ ಬಿಸಿ ಸುಮಾರು 165 ಡಿಗ್ರಿ. ನಮ್ಮ ಕೈಗೆ ಅದು ಸುಡು ಬಿಸಿ, ಸಾವಿರ ಡಿಗ್ರಿ ದಾಟಿದ ಕೆಂಡಕ್ಕೆ ತಣ್ಣಗೆ. ನಿಮ್ಮ ಫೈರ್‌ಬಾಕ್ಸಿನಲ್ಲಿ ನಡುಮಧ್ಯದ ಕೆಂಡಕ್ಕೆ ಗೋಡೆ ಎರಡಡಿ ದೂರ. ನನ್ನದರಲ್ಲಿ ಯಾವ ಕೆಂಡವೂ ಗೋಡೆಯಿಂದ ಎರಡು ಮೂರು ಇಂಚು ದಾಟಲ್ಲ.

ಮಾವ: ಬೆಂಕಿ ಚಿಕ್ಕದಾದಷ್ಟೂ ಅದಕ್ಕೆ ಚಳಿ ಜಾಸ್ತಿ ಅನ್ನು.

ಅಳಿಯ: ಹೌದು. ಇನ್ನೊಂದು, ಹೊತ್ತು. ಇಂಜಿನ್ನು ಚಿಕ್ಕದಾಯ್ತು ಅಂತ ನಿಮಿಷ ಚಿಕ್ಕದಾಗಲ್ಲವಲ್ಲ. ನೀವು ಬೆಂಕಿ ಕಟ್ಟಿ, ಡ್ಯಾಂಪರ್ ಇಳಿಸಿ, ಸ್ಟೇಷನ್ನಲ್ಲಿ ಕಾಫಿ ಕುಡಿದು ಬರಬಹುದಿತ್ತು. ನಾನು ಮಕ್ಕಳನ್ನ ಹತ್ತಿಸಿಕೊಳ್ಳೋಕೆ ನಿಲ್ಲಿಸಿ, ಯಾರೋ ತಂದೆ ‘ಇದನ್ನ ನೀವೇ ಮಾಡಿದ್ದಾ?’ ಅಂತ ಕೇಳಿದರೆ, ಉತ್ತರ ಮುಗಿಯೋದರೊಳಗೆ ಬೆಂಕಿ ಕಪ್ಪಾಗಿರುತ್ತೆ.

ಮಾವ: ಸಿಂಗರೇಣಿ ಹಾಕಿದರೆ?

ಅಳಿಯ: ಹಾಕಿದ್ದರಲ್ಲಿ ಮೂರನೇ ಒಂದು ಭಾಗ ಗ್ರೇಟಿನ ಮೇಲೇ ಉಳಿಯುತ್ತೆ. ಅರ್ಧ ಗಂಟೆಯೊಳಗೆ ಸಂದುಗಳೆಲ್ಲ ಕಟ್ಟಿಕೊಂಡು ಗಾಳಿ ನಿಲ್ಲುತ್ತೆ. ನೀವು ಪ್ರಿಕರ್ ಹಾಕಿ ಕೆದಕಿ, ಕಿಟ್ಟ ಎಳೆದು ಹಾಕಬಹುದಿತ್ತು. ನಾನು ಕೆದಕಿದರೆ ಬೆಂಕಿಯ ಜೊತೆ ಇಡೀ ಹಾಸಿಗೇನೇ ಕದಡಿ ಹೋಗುತ್ತೆ. ವೇಲ್ಸಿನದರಲ್ಲಿ ಬೂದಿ ನೂರಕ್ಕೆ ಐದು ಆರು. ಮಧ್ಯಾಹ್ನವೆಲ್ಲ ಓಡಿಸಿದರೂ ಬೂದಿತಟ್ಟೆ ತುಂಬಲ್ಲ.

ಮಾವ: ಬೂದಿ ವಿಷಯ ಒಪ್ಪಿದೆ. ಅಸ್ಸಾಂ ಕಲ್ಲಿದ್ದಲಲ್ಲಿ ಬೂದಿ ಕಮ್ಮಿ, ಗೊತ್ತಾ? ಡಾರ್ಜಿಲಿಂಗ್ ಎರಡಡಿ ಗೇಜಿನೋರು ಅದನ್ನೇ ಉರಿಸ್ತಿದ್ದರು. ಆ ಇಂಜಿನ್ನಿನ ಮೇಲೆ ಕಲ್ಲಿದ್ದಲು ಒಡೆಯೋಕೆ ಅಂತಲೇ ಒಬ್ಬ ಆಳು ಕೂರ್ತಿದ್ದ.

ಅಳಿಯ: ಅದರಲ್ಲಿ ಗಂಧಕ ಜಾಸ್ತಿ. ಗಂಧಕದ ಹೊಗೆ, ತೇವ ಎರಡೂ ಸೇರಿದರೆ ಆಸಿಡ್. ಸ್ಮೋಕ್‌ಬಾಕ್ಸಿನ ತಗಡು ತಿಂದುಬಿಡುತ್ತೆ. ಆದರೆ ಒಡೆಯೋ ಆಳಿನ ವಿಷಯ ಸರಿ ಹೇಳಿದಿರಿ. ನಮ್ಮ ಹವ್ಯಾಸದಲ್ಲಿ ಅರ್ಧ ಕೆಲಸ ಒಡೆಯೋದು, ಜರಡಿ ಹಿಡಿಯೋದು. ಮೂರೂವರೆ ಇಂಚು ಗೇಜಿಗೆ ಕಡಲೆಕಾಳಿನ ಗಾತ್ರ, ಐದಿಂಚಿಗೆ ಸಣ್ಣ ಗೋಟಡಿಕೆ, ಏಳೂಕಾಲು ಇಂಚಿನದಕ್ಕೆ ಅದರ ಎರಡರಷ್ಟು. ಮುಖ್ಯ ಏನಂದ್ರೆ ಎಲ್ಲ ತುಂಡೂ ಒಂದೇ ಸಮ ಇರಬೇಕು. ಪುಡಿ ಬೆರೆತರೆ ಸಂದು ಮುಚ್ಚುತ್ತೆ. ಇಲ್ಲಾಂದ್ರೆ ಚಿಮಣಿಗೆ ಚಿಮ್ಮೋ ಸ್ಟೀಮಿನ, ಅಂದ್ರೆ ಬ್ಲಾಸ್ಟಿನ, ಸೆಳೆತಕ್ಕೆ ಟ್ಯೂಬಿನೊಳಗೆ ಹಾರಿ, ಚಿಮಣಿಯಿಂದ ಕಿಡಿಯಾಗಿ ಬಂದು, ಹಿಂದೆ ಕೂತ ಮಗುವಿನ ಅಂಗಿ ಮೇಲೆ ಬೀಳುತ್ತೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಂಥ್ರಸೈಟನ್ನ ಜರಡಿ ಹಿಡಿದು ಗಾತ್ರಕ್ಕೊಂದು ಹೆಸರಿಟ್ಟು ಮಾರ್ತಾರೆ. ಒಂದರ ಹೆಸರು ಬಟಾಣಿ, ಅದಕ್ಕಿಂತ ಸಣ್ಣದರ ಹೆಸರು ಅಕ್ಕಿ.

ಮಾವ: ಸರಿ, ಆ ಆಂಥ್ರಸೈಟೇ ಹಾಕಬಹುದಲ್ಲ? ಎಲ್ಲಕ್ಕಿಂತ ಗಟ್ಟಿ ಕಲ್ಲಿದ್ದಲು ಅದೇ ಅಂತ ಟ್ರೈನಿಂಗಿನಲ್ಲಿ ಹೇಳಿದ್ದರು. ನಾನು ಮಾತ್ರ ಕಣ್ಣಲ್ಲಿ ಕಂಡಿಲ್ಲ.

ಅಳಿಯ: ಪುಸ್ತಕ ನೋಡಿದರೆ ಅದೇ ಉತ್ತಮ. ಕಿಲೋಗೆ 32, 33 ಮೆಗಾಜೂಲ್ ಶಾಖ. ಹೊಗೆ ಇಲ್ಲ, ಬೂದಿ ಕಮ್ಮಿ. ಆದರೆ ಅದು ಉರಿಯೋದು ಗಾಳಿಯ ದಯದಿಂದ. ಜೋರು ಸೆಳೆತ ಇದ್ದಷ್ಟು ಹೊತ್ತು ಬೆಳ್ಳಗೆ ಕಾಯುತ್ತೆ, ಸೆಳೆತ ನಿಂತರೆ ಮುಖ ತಿರುಗಿಸುತ್ತೆ. ರೆಗ್ಯುಲೇಟರ್ ಮುಚ್ಚಿ ನಿಂತಾಗೆಲ್ಲ ಚಿಮಣಿಗೆ ಸ್ಟೀಮು ಊದಿ ಗಾಳಿ ಸೆಳೆಯೋ ಬ್ಲೋವರ್ ಬಿಟ್ಟೇ ಇರಬೇಕು. ಆ ಬ್ಲೋವರ್ ತಿನ್ನೋದು ನಾನು ಕಷ್ಟಪಟ್ಟು ಮಾಡಿದ ಸ್ಟೀಮನ್ನೇ. ಅನಿಲ ಕಮ್ಮಿ ಇರೋದರಿಂದ ಉರಿ ಮೇಲೇಳಲ್ಲ, ಶಾಖವೆಲ್ಲ ಹಾಸಿಗೆಯಲ್ಲೇ ನಿಲ್ಲುತ್ತೆ. ಅದಕ್ಕೇ ಸಾದಾ ಕಬ್ಬಿಣದ ಗ್ರೇಟು ಬಾಗಿ ಜೋತುಬೀಳುತ್ತೆ. ಸ್ಟೇನ್‌ಲೆಸ್ ಸ್ಟೀಲಿನದು ಮಾಡಿಸ್ಕೋಬೇಕು.

ಮಾವ: ಮೆತ್ತನೆ ಕಲ್ಲಿದ್ದಲು? ಮನೆ ಒಲೆಗೆ ಹಾಕ್ತಿದ್ದರಲ್ಲ, ಆ ಥರದ್ದು?

ಅಳಿಯ: ಅದು ಬೇಗ ಹತ್ತುತ್ತೆ, ಉದ್ದ ಉರಿ ಕೊಡುತ್ತೆ. ಆ ಉದ್ದ ಉರಿಯೇ ಕಷ್ಟ. ಅದರಿಂದೇಳೋ ಅನಿಲ ಪೂರ್ತಿ ಉರೀಬೇಕಾದರೆ ಜಾಗ ಬೇಕು, ಹೊತ್ತು ಬೇಕು, ಬಿಸಿ ಬೇಕು. ನನ್ನ ಫೈರ್‌ಬಾಕ್ಸಿನಲ್ಲಿ ಮೂರೂ ಇಲ್ಲ. ಅನಿಲ ಅರ್ಧ ಉರಿಯೋದರೊಳಗೆ ಟ್ಯೂಬ್ ಸೇರಿ, ತಣ್ಣಗಾಗಿ, ಮಸಿಯೂ ಡಾಂಬರೂ ಆಗಿ ಅಂಟಿಕೊಳ್ಳುತ್ತೆ. ನಿಮ್ಮ ಟ್ಯೂಬುಗಳನ್ನ ಅಳತೆ ಪ್ರಕಾರ ಇಳಿಸಿದರೆ ಐದು ಮಿಲಿಮೀಟರ್ ಆಗ್ತಿತ್ತು. ಅಷ್ಟು ಸಣ್ಣದು ಒಂದೇ ದಿನದಲ್ಲಿ ಕಟ್ಟಿಹೋಗುತ್ತೆ ಅಂತ ನಾವು ಟ್ಯೂಬುಗಳ ಸಂಖ್ಯೆ ಕಡಿಮೆ ಮಾಡಿ, ಹತ್ತು ಹನ್ನೆರಡು ಮಿಲಿಮೀಟರಿನದು ಹಾಕೋದು. ಆದರೂ ಮನೆ ಕಲ್ಲಿದ್ದಲು ಹಾಕಿದರೆ ಸಂಜೆ ಬ್ರಷ್ಷು ಹಿಡಿದು ಅಳಬೇಕು. ಕೆಲವು ಜಾತಿಯದು ಕಾದಾಗ ಉಬ್ಬಿ, ತುಂಡಿಗೆ ತುಂಡು ಅಂಟಿ, ಗ್ರೇಟಿನ ಮೇಲೆ ಮುಚ್ಚಳ ಹಾಕಿದ ಹಾಗೆ ಕೂತುಬಿಡುತ್ತೆ.

ಮಾವ: ಹಾಗಾದರೆ ಇವೆರಡರ ನಡುವಿನದು ಬೇಕು ನಿಂಗೆ.

ಅಳಿಯ: ಅದೇ ವೇಲ್ಸಿನ ಸ್ಟೀಮ್ ಕೋಲ್. ಆಂಥ್ರಸೈಟಿಗಿಂತ ಒಂದು ಮೆಟ್ಟಿಲು ಮೆತ್ತಗೆ. ಅನಿಲ ನೂರಕ್ಕೆ ಹತ್ತರಿಂದ ಹದಿನೆಂಟರೊಳಗೆ. ಹತ್ತಿಕೊಳ್ಳೋ ಅಷ್ಟು ಅನಿಲ ಇದೆ, ಡಾಂಬರು ಕಟ್ಟೋ ಅಷ್ಟಿಲ್ಲ. ಮುಚ್ಚಿದ್ದು ಅದರ ಗಣಿಯೇ. ಅದು ಮುಚ್ಚಿದ ಮೇಲೂ ಆಂಥ್ರಸೈಟನ್ನ ನೀಥ್ ಕಣಿವೆಯಲ್ಲಿ ತೆಗೀತಿದ್ದರು.

ಮಾವ: ಇಷ್ಟೆಲ್ಲ ರಾಮಾಯಣ ಯಾಕೆ? ಒಂದು ಗ್ಯಾಸ್ ಸಿಲಿಂಡರ್ ಇಟ್ಟು ಬರ್ನರ್ ಹಚ್ಚು. ಮಸಿ ಇಲ್ಲ, ಬೂದಿ ಇಲ್ಲ.

ಅಳಿಯ: ತುಂಬ ಜನ ಹಾಗೇ ಮಾಡ್ತಾರೆ. ತಪ್ಪೇನಿಲ್ಲ. ತೋಟದಲ್ಲಿ ಓಡಿಸೋ 45 ಮಿಲಿಮೀಟರ್ ಗೇಜಿನದಕ್ಕೆ ಗ್ಯಾಸೋ ಸ್ಪಿರಿಟ್ಟೋ ಸಲೀಸು. ಆದರೆ ಈ ಜಗಳ ಹಳೇದು ಮಾವ. ನೂರು ವರ್ಷದ ಹಿಂದೆ ಲಂಡನ್ನಿನ ಪತ್ರಿಕೆಯೊಂದರಲ್ಲಿ ದೊಡ್ಡ ವಾಗ್ಯುದ್ಧವೇ ನಡೆದಿತ್ತು, ‘ಬಾಯ್ಲರುಗಳ ಕಾಳಗ’ ಅಂತಲೇ ಅದಕ್ಕೆ ಹೆಸರು. ಇಷ್ಟು ಚಿಕ್ಕ ಇಂಜಿನ್ನಿಗೆ ಸ್ಪಿರಿಟ್ ದೀಪವೇ ಸರಿ ಅಂತ ಬಾಸೆಟ್-ಲೋಕ್ ಕಂಪನಿ ಕಡೆಯವರು. ಇಲ್ಲ, ಕಲ್ಲಿದ್ದಲು ಹಾಕಿ ಮನುಷ್ಯನನ್ನೇ ಎಳೆಸ್ತೀನಿ ಅಂತ ಎಲ್‌ಬಿಎಸ್‌ಸಿ ಅನ್ನೋ ಕಾವ್ಯನಾಮದವನು. ಆ ಅಕ್ಷರಗಳು ಒಂದು ರೈಲ್ವೆ ಕಂಪನಿಯವು. 1924ರ ಪ್ರದರ್ಶನದಲ್ಲಿ ಅವನ ಎರಡೂವರೆ ಇಂಚು ಗೇಜಿನ ‘ಆಯೇಷಾ’ ಕಲ್ಲಿದ್ದಲು ಉರಿಸಿ, ಆಳುಗಳನ್ನ ಎಳೆದು ತೋರಿಸಿತು. ಆಮೇಲೆ ದಶಕಗಳ ಕಾಲ ಅವನ ನಕ್ಷೆ ಇಟ್ಟುಕೊಂಡೇ ಜನ ಇಂಜಿನ್ನು ಕಟ್ಟಿದರು.

ಮಾವ: ಗೆದ್ದವನು ನಮ್ಮವನು ಅನ್ನು. ಸಲಿಕೆ ಹಿಡಿದವನು. ಬರ್ನರ್ ತಿರುಗಿಸೋದು ಅಡುಗೆ ಕೆಲಸ, ಫೈರ್‌ಮನ್ ಕೆಲಸ ಅಲ್ಲ. ನಾನು ಗ್ಯಾಸು ಅಂದದ್ದು ನಿನ್ನ ಪರೀಕ್ಷೆ ಮಾಡೋಕೆ.

ಅಳಿಯ: ಹಾಗಂತ ಈಗ ಹೇಳ್ತೀರಿ!

ಮಾವ: ಬೆಳಗ್ಗೆ ಬೆಂಕಿ ಎಬ್ಬಿಸೋದು ಹೇಗೆ? ನಮಗೆ ಎಣ್ಣೆ ಅದ್ದಿದ ಹತ್ತಿ ವೇಸ್ಟು, ಮುರಿದ ಸ್ಲೀಪರ್ ತುಂಡು, ಗಂಟೆಗಟ್ಟಲೆ ಕಾಯೋ ತಾಳ್ಮೆ.

ಅಳಿಯ: ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು. ಚಿಮಣಿ ಬಾಯಿಗೆ ಬ್ಯಾಟರಿಯ ಸಣ್ಣ ಫ್ಯಾನು ಕೂರಿಸಿ ಗಾಳಿ ಸೆಳೆಸ್ತೀವಿ. ಇಪ್ಪತ್ತು ಮೂವತ್ತು ಪೌಂಡು ಏರಿದ ಮೇಲೆ ಇಂಜಿನ್ನಿನದೇ ಬ್ಲೋವರ್ ತಗೊಳ್ಳುತ್ತೆ, ಫ್ಯಾನು ಕೆಳಗಿಳಿಸಿ ಕಲ್ಲಿದ್ದಲು ಹಾಕೋದು. ಎಲ್ಲ ಸೇರಿ ಅರ್ಧ ಗಂಟೆ.

ಮಾವ: ಇದ್ದಿಲಿನಲ್ಲಿ ಹತ್ತುತ್ತೆ ಅಂದಮೇಲೆ ಇದ್ದಿಲಿನಲ್ಲೇ ಓಡಿಸು! ಗಣಿಯ ಹಂಗೇ ಬೇಡ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ್ದು ಮಲೆನಾಡಿನ ಸೌದೆಯ ಇದ್ದಿಲಿನಲ್ಲಿ. ಕಬ್ಬಿಣ ನೀರಾಗಿಸಿದ ಬೆಂಕಿಗೆ ನಿನ್ನ ಎರಡು ಲೀಟರು ನೀರು ಕುದಿಸೋಕಾಗಲ್ವಾ?

ಅಳಿಯ: ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ತೂಕಕ್ಕೆ ತೂಕ ನೋಡಿದರೆ ಇದ್ದಿಲು ಕಲ್ಲಿದ್ದಲಿನ ಹತ್ತಿರ ಹತ್ತಿರ ಬರುತ್ತೆ, ಕಿಲೋಗೆ 29 ಮೆಗಾಜೂಲಿನಷ್ಟು. ಬೂದಿ ಕಮ್ಮಿ, ಗಂಧಕ ಇಲ್ಲ. ಆದರೆ ಫೈರ್‌ಬಾಕ್ಸು ತೂಕ ಅಳೆಯಲ್ಲ ಮಾವ, ಜಾಗ ಅಳೆಯುತ್ತೆ. ಒಂದು ಘನ ಮೀಟರ್ ಕಲ್ಲಿದ್ದಲು 800 ಕಿಲೋ ತೂಗಿದರೆ, ಅಷ್ಟೇ ಜಾಗದ ಇದ್ದಿಲು 200, 250 ಕಿಲೋ. ಅಂದರೆ ಫೈರ್‌ಬಾಕ್ಸ್ ತುಂಬ ಇದ್ದಿಲು ಹಾಕಿದರೂ ಒಳಗಿರೋ ಶಾಖ ಕಲ್ಲಿದ್ದಲಿನ ಕಾಲು ಭಾಗ. ಒಂದು ಸುತ್ತು ಹಾಕೋದರಲ್ಲಿ ನಾಲ್ಕು ಸಲ ಬಾಗಿಲು ತೆಗೀಬೇಕು. ಬಾಗಿಲು ತೆಗೆದಾಗೆಲ್ಲ ತಣ್ಣನೆ ಗಾಳಿ ಒಳಗೆ. ಭದ್ರಾವತಿಯ ಕುಲುಮೆ ಎಷ್ಟು ಮಹಡಿ ಎತ್ತರ ಇತ್ತು, ಎಷ್ಟು ಇದ್ದಿಲು ಹಿಡೀತಿತ್ತು! ಅಲ್ಲಿ ಜಾಗಕ್ಕೆ ಬರ ಇರಲಿಲ್ಲ.

ಮಾವ: ಹಗುರ ಬೇರೆ. ಬ್ಲಾಸ್ಟು ಹೊಡೆದರೆ ಕೆಂಡವೇ ಹಾರುತ್ತೆ.

ಅಳಿಯ: ಹಾರುತ್ತೆ. ಏರಿನಲ್ಲಿ ಜೋರು ಮಾಡಿದರೆ ಚಿಮಣಿಯಿಂದ ದೀಪಾವಳಿ. ಇದ್ದಿಲಾಗಲಿ ಆಂಥ್ರಸೈಟಾಗಲಿ, ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಉರಿಸೋ ಹಾಗೂ ಇಲ್ಲ. ವಾಸನೆ ಇಲ್ಲದ ವಿಷಾನಿಲ ಅದು, ಕಾರ್ಬನ್ ಮೊನಾಕ್ಸೈಡ್. ಹೊಗೆ ಕಾಣ್ತಿಲ್ಲ ಅಂತ ಜನ ಮೈಮರೀತಾರೆ.

ಮಾವ: ಸೌದೆ ಅಂತೂ ಇನ್ನೂ ದೂರ. ಹೋದ ಶತಮಾನದ ಹಿಂದಿನ ಶತಮಾನದಲ್ಲಿ ಮದ್ರಾಸ್ ರೈಲ್ವೆ ಇಂಜಿನ್ನುಗಳು ಸೌದೆ ನುಂಗ್ತಿದ್ದವಂತೆ. ಅದಕ್ಕೆ ಅಂತಲೇ ಕರಾವಳಿಯ ಮರಳಲ್ಲಿ ಸರ್ವೆ ತೋಪು ಬೆಳೆಸಿದ್ದರು.

ಅಳಿಯ: ಐರ್ಲೆಂಡಿನಲ್ಲಿ ಜೌಗು ನೆಲದ ಪೀಟ್ ಉರಿಸೋಕೆ ಬುಲೀಡ್ ಅನ್ನೋ ಇಂಜಿನಿಯರ್ ಹೊಸ ಇಂಜಿನ್ನೇ ಕಟ್ಟಿದ, 1957ರಲ್ಲಿ. ಒಂದಕ್ಕೇ ನಿಂತಿತು. ಅಷ್ಟರಲ್ಲಿ ಡೀಸೆಲ್ ಬಂದಿತ್ತು.

ಮಾವ: ಅಂಗಡಿಯಲ್ಲಿ ಮೊಟ್ಟೆ ಆಕಾರದ್ದು ಏನೋ ಸಿಗುತ್ತೆ ಅಂತಿದ್ದೆ.

ಅಳಿಯ: ಹೊಗೆ ಬಾರದ ಉಂಡೆಗಳು. ಆಂಥ್ರಸೈಟಿನ ಪುಡಿಗೆ ಕಾಕಂಬಿಯಂಥ ಅಂಟು ಕಲಸಿ ಒತ್ತಿ ಮಾಡ್ತಾರೆ. ಬೈಠಕ್ ಖಾನೆಯ ಒಲೆಗೆ ಅಂತ ಮಾಡಿದ್ದು. ನನ್ನ ಬಾಗಿಲಿನೊಳಗೆ ಇಡೀ ಉಂಡೆ ಹೋಗೋದೇ ಇಲ್ಲ, ಸುತ್ತಿಗೆಯಲ್ಲಿ ಒಡೆದರೆ ಅರ್ಧ ಪುಡಿ. ಕೆಲವದರಲ್ಲಿ ಎಣ್ಣೆ ಶುದ್ಧೀಕರಣದ ಗಸಿಯಿಂದ ಬಂದ ಪೆಟ್ರೋಲಿಯಂ ಕೋಕ್ ಬೆರೆಸಿರ್ತಾರೆ. ಅದು ಸುಲಭಕ್ಕೆ ಹತ್ತಲ್ಲ, ಹತ್ತಿದರೆ ಗ್ರೇಟು ಉಳಿಸಲ್ಲ.

ಮಾವ: ಗಿಡಮರದಿಂದ ಮಾಡೋ ಹೊಸ ಕಲ್ಲಿದ್ದಲು ಬಂದಿದೆಯಂತಲ್ಲ, ಪೇಪರಲ್ಲಿ ಓದಿದ್ದೆ.

ಅಳಿಯ: ಅದನ್ನೇ ಈಗ ಎಲ್ಲರೂ ಬಾಯಿಬಿಟ್ಟುಕೊಂಡು ನೋಡ್ತಿರೋದು. ಎರಡು ದಾರಿ ಇವೆ. ಒಂದು, ಆಲಿವ್ ಬೀಜದ ಪುಡಿ ಸೇರಿಸಿ ಒತ್ತಿದ ಉಂಡೆ. ಅದನ್ನ ನಾರ್ಫೋಕಿನ ಬ್ಯೂರ್ ವ್ಯಾಲಿ ರೈಲ್ವೆಯಲ್ಲಿ ಹಾಕಿ ನೋಡಿದರು. ಹದಿನೈದಿಂಚು ಗೇಜು ಅದು, ನಮ್ಮದಕ್ಕೆ ದೊಡ್ಡಣ್ಣ. ಇನ್ನೊಂದು, ಕಟ್ಟಿಗೆಯನ್ನ ಗಾಳಿ ತಾಕಿಸದೆ 250, 300 ಡಿಗ್ರಿಯಲ್ಲಿ ಹುರಿದು ಒತ್ತಿದ್ದು. ಹುರಿದಾಗ ನೀರೂ ಹಗುರ ಅನಿಲಗಳೂ ಹೋಗಿ, ಮಳೆಗೆ ನೆನೆಯದ, ಸುಲಭಕ್ಕೆ ಪುಡಿಯಾಗೋ ಕಂದು ಕಡ್ಡಿ ಉಳಿಯುತ್ತೆ. ಅಮೆರಿಕದಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದವರು ಮಾಡಿಕೊಟ್ಟದ್ದನ್ನ ಮಿಲ್ವಾಕಿ ಮೃಗಾಲಯದ ಪುಟ್ಟ ರೈಲಿನಲ್ಲಿ ಪರೀಕ್ಷೆ ಮಾಡಿದರು. ಅದೂ ಹದಿನೈದಿಂಚಿನದೇ.

ಮಾವ: ಓಡಿತಾ?

ಅಳಿಯ: ಓಡುತ್ತೆ. ಕಲ್ಲಿದ್ದಲಿನ ಹಾಗಲ್ಲ, ತನ್ನದೇ ಥರ. ಹುರಿದ ಕಟ್ಟಿಗೆಯ ಶಾಖ ಕಿಲೋಗೆ 20, 22 ಮೆಗಾಜೂಲ್. ಒತ್ತಿ ದಟ್ಟ ಮಾಡಿರೋದರಿಂದ ಜಾಗದ ಲೆಕ್ಕದಲ್ಲಿ ಕಲ್ಲಿದ್ದಲಿನ ಅರ್ಧಕ್ಕಿಂತ ತುಸು ಮೇಲೆ. ಇದ್ದಿಲಿನ ಕಾಲು ಭಾಗಕ್ಕಿಂತ ಎಷ್ಟೋ ವಾಸಿ. ಆದರೆ ಅನಿಲ ಬಹಳ, ಉದ್ದ ಉರಿ. ಹದಿನೈದಿಂಚಿನ ಫೈರ್‌ಬಾಕ್ಸಿಗೆ ಅದು ನಡೆದೀತು. ನನ್ನದಕ್ಕೆ ತಂದು ಹಾಕಿದರೆ ಉರಿ ಟ್ಯೂಬಿನ ಬಾಯಲ್ಲೇ ಆರಿ ಮಸಿಯಾಗುತ್ತೆ. ಪ್ರೆಷರ್ ಸೂಜಿ ಇಳಿಯುತ್ತೆ. ಅದಕ್ಕೇ ಹೇಳೋದು, ನನಗೆ ಸರಿಯಾದ ಇಂಧನ ಇಲ್ಲ ಅಂತ.

ಮಾವ: ಇಷ್ಟು ಹೊತ್ತು ನೀನು ಹೇಳಿದ್ದನ್ನೆಲ್ಲ ಕೇಳಿದೆ. ಈಗ ನಾನೊಂದು ಕೇಳ್ತೀನಿ. ನಿನ್ನ ಇಂಜಿನ್ನಿನ ನಕ್ಷೆ ಯಾವ ಕಾಲದ್ದು?

ಅಳಿಯ: ಮಾರ್ಟಿನ್ ಎವಾನ್ಸ್ ಬರೆದ ‘ಸಿಂಪ್ಲೆಕ್ಸ್’. ಹೋದ ಶತಮಾನದ್ದು.

ಮಾವ: ಆಗ ಆ ದೇಶದಲ್ಲಿ ವೇಲ್ಸಿನ ಕಲ್ಲಿದ್ದಲು ಬೀದಿ ಕೊನೆಯಲ್ಲಿ ಸಿಗ್ತಿತ್ತು. ಗ್ರೇಟಿನ ಸಂದು, ಬ್ಲಾಸ್ಟ್ ನಾಜಲ್ಲಿನ ತೂತು, ಬಾಗಿಲು, ಎಲ್ಲ ಆ ಕಲ್ಲಿದ್ದಲಿಗೆ ಹೊಂದಿಸಿ ಬರೆದದ್ದು. ಇಂಧನ ಹೋಯ್ತು, ಅಳತೆ ಮಾತ್ರ ದೇವರ ಮೂರ್ತಿ ಹಾಗೆ ಇಟ್ಟುಕೊಂಡಿದ್ದೀಯ. ಇಂಜಿನ್ನಿಗೆ ಒಗ್ಗೋ ಇಂಧನ ಹುಡುಕ್ತಿದ್ದೀಯಲ್ಲ, ಸಿಗೋ ಇಂಧನಕ್ಕೆ ಇಂಜಿನ್ನು ಒಗ್ಗಿಸೋಕೇನು ಕಷ್ಟ?

ಅಳಿಯ: ಅಂದರೆ ನಕ್ಷೆ ಬಿಟ್ಟು…

ಮಾವ: ದೊಡ್ಡ ಇಂಜಿನ್ನಿನ ಚರಿತ್ರೆ ಎಲ್ಲ ಅದೇ ಅಲ್ವೇನೋ? ನೀನೇ ಓದಿಕೊಂಡಿರೋನು, ಹೇಳು.

ಅಳಿಯ: ಹ್ಞಾ, ಒಂದು ಲೆಕ್ಕಕ್ಕೆ ನಿಜ. 1829ರಲ್ಲಿ ರೇನ್‌ಹಿಲ್ ಸ್ಪರ್ಧೆ ಆದಾಗ ಇಂಜಿನ್ನು ತನ್ನ ಹೊಗೆಯನ್ನ ತಾನೇ ನುಂಗಿಕೊಳ್ಳಬೇಕು ಅಂತ ಷರತ್ತಿತ್ತು. ಅದಕ್ಕೇ ಮೂವತ್ತು ವರ್ಷ ಕೋಕ್ ಉರಿಸಿದರು. 1850ರ ದಶಕದ ಕೊನೆಗೆ ಮಿಡ್‌ಲ್ಯಾಂಡ್ ರೈಲ್ವೆಯಲ್ಲಿ ಫೈರ್‌ಬಾಕ್ಸಿನೊಳಗೆ ಇಟ್ಟಿಗೆ ಕಮಾನು ಕಟ್ಟಿ, ಬಾಗಿಲಿನಿಂದ ಮೇಲ್ಗಾಳಿ ಬಿಟ್ಟ ಮೇಲೆ ತಾನೇ ಅಗ್ಗದ ಕಲ್ಲಿದ್ದಲನ್ನ ಹೊಗೆ ಇಲ್ಲದೆ ಉರಿಸೋಕಾದದ್ದು.

ಮಾವ: ಇನ್ನೊಂದು ಹೇಳು.

ಅಳಿಯ: ಪೆನ್ಸಿಲ್ವೇನಿಯಾದಲ್ಲಿ ಆಂಥ್ರಸೈಟ್ ಗಣಿಯ ಹೊರಗೆ ಗುಡ್ಡ ಗುಡ್ಡ ಪುಡಿ ಬಿದ್ದಿತ್ತು. ಯಾರಿಗೂ ಬೇಡದ್ದು. ವೂಟನ್ ಅನ್ನೋನು 1877ರಲ್ಲಿ ಚಕ್ರಗಳ ಮೇಲಿಂದ ಆಚೆ ಚಾಚಿದ ಅಗಲ ಫೈರ್‌ಬಾಕ್ಸು ಮಾಡಿದ. ತೆಳ್ಳಗೆ ಹರಡಿದ ಹಾಸಿಗೆ, ಮೆಲ್ಲನೆ ಗಾಳಿ. ಪುಡಿ ಉರೀತು. ಮತ್ತೆ 1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ಸರ್ಕಾರದ್ದಾದ ಮೇಲೆ ಒಂದು ಪ್ರದೇಶದ ಇಂಜಿನ್ನನ್ನ ಇನ್ನೊಂದರಲ್ಲಿ ಓಡಿಸಿ ಹೋಲಿಸಿದರು. ಆಗ ಹಾಕಿದ್ದು ಯಾರ್ಕ್‌ಷೈರಿನ ಕಲ್ಲಿದ್ದಲು. ವೇಲ್ಸಿನ ಕಲ್ಲಿದ್ದಲು ತಿಂದು ಬೆಳೆದ ಗ್ರೇಟ್ ವೆಸ್ಟರ್ನ್ ಇಂಜಿನ್ನುಗಳು ಮಂಕಾದವು. ಆ ಇಂಜಿನ್ನುಗಳ ಕಡೆಯವರು ಬಿಡಲಿಲ್ಲ, ಆ ವರ್ಷದ ಕೊನೆಗೆ ವೇಲ್ಸಿನದನ್ನೇ ಹಾಕಿ ಮತ್ತೆ ಓಡಿಸಿ ತೋರಿಸಿದರು.

ಮಾವ: ಆಗ ಅವರದು ನ್ಯಾಯ, ಅವರ ಗಣಿ ಇನ್ನೂ ಇತ್ತು. ನಿಂಗೆ ಆ ಅನುಕೂಲ ಇಲ್ಲ. ನೋಡು, ಮೊದಲು ಕೈಗೆ ಸಿಕ್ಕಿದ್ದು ಎಂಥದ್ದು ಅಂತ ತಿಳ್ಕೊ. ಲ್ಯಾಬು ಬೇಡ. ಒಂದು ತಗಡಿನ ಡಬ್ಬಿ ತಗೊ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು ಹೊಡಿ. ಒಂದು ಹಿಡಿ ಮಾದರಿ ಹಾಕಿ ಮುಚ್ಚಿ, ಹೊರಗೆ ಬಯಲಲ್ಲಿ ಬೆಂಕಿಯ ಮೇಲಿಡು. ತೂತಿನಿಂದ ಬರೋ ಅನಿಲಕ್ಕೆ ಕಡ್ಡಿ ಗೀರು. ಎಷ್ಟು ಹೊತ್ತು ಉರಿಯುತ್ತೋ ಅಷ್ಟು ಅನಿಲ ಇದೆ ಅಂತ ಲೆಕ್ಕ. ನಿಮ್ಮ ಆಂಥ್ರಸೈಟು ಪಿಳಕ್ ಅಂತ ಆರುತ್ತೆ, ಹುರಿದ ಕಟ್ಟಿಗೆ ತುಂಬ ಹೊತ್ತು ಉರಿಯುತ್ತೆ. ಆರಿದ ಮೇಲೆ ಡಬ್ಬಿ ಬೋರಲು ಹಾಕು. ಪುಡಿಪುಡಿಯಾಗಿ ಬಿದ್ದರೆ ಅಂಟೋ ಜಾತಿಯಲ್ಲ. ಡಬ್ಬಿಯ ಆಕಾರದಲ್ಲೇ ಒಂದು ಗಟ್ಟಿ ಬಂದರೆ ನಿನ್ನ ಗ್ರೇಟಿನ ಮೇಲೂ ಹಾಗೇ ಕೂರುತ್ತೆ.

ಅಳಿಯ: ಇದು ಶೆಡ್ಡಿನಲ್ಲಿ ಮಾಡ್ತಿದ್ದದ್ದಾ?

ಮಾವ: ಒಬ್ಬ ಹಳೇ ಫೋರ್‌ಮನ್ ಮಾಡ್ತಿದ್ದರು, ಹೊಸ ಲೋಡು ಬಂದಾಗ. ಆಮೇಲೆ ಅದೇ ಉಳಿಕೆಯನ್ನ ತೆರೆದ ಬಾಣಲೆಯಲ್ಲಿ ಪೂರ್ತಿ ಸುಟ್ಟು ಬೂದಿ ತೂಗು, ಬಣ್ಣ ನೋಡು. ಬೆಳ್ಳಗಿದ್ದರೆ ಚಿಂತೆ ಇಲ್ಲ, ಉದುರುತ್ತೆ. ಕೆಂಪಗಿದ್ದರೆ ಕಬ್ಬಿಣದ ಅಂಶ ಇದೆ, ಬೂದಿ ಕರಗಿ ಕಿಟ್ಟ ಕಟ್ಟುತ್ತೆ. ಅಂಥದ್ದನ್ನ ಕೆಳಗಿಂದ ಕೆದಕಬೇಡ. ಬೂದಿ ಮೇಲಕ್ಕೆ ಕಾವಿನೊಳಗೆ ಬಂದರೆ ಇನ್ನೂ ಕರಗುತ್ತೆ.

ಅಳಿಯ: ಹುರಿದ ಕಟ್ಟಿಗೆಗೆ ಅಂತಲೇ ಬದಲಾಯಿಸಬೇಕಾದರೆ?

ಮಾವ: ನೀನೇ ಯೋಚನೆ ಮಾಡು. ಉದ್ದ ಉರಿ, ಹಗುರ ತುಂಡು.

ಅಳಿಯ: ಮೇಲ್ಗಾಳಿ ಬೇಕು. ಬಾಗಿಲಿನಲ್ಲಿ ಸಣ್ಣ ತೂತುಗಳು, ಮುಚ್ಚಿ ತೆಗೆಯೋ ತಗಡು. ಟ್ಯೂಬಿನ ಬಾಯಿಗೆ ಅಡ್ಡವಾಗಿ ಸ್ಟೇನ್‌ಲೆಸ್ ತಗಡಿನ ಒಂದು ಕಮಾನು. ಉರಿ ಹಿಂದಕ್ಕೆ ಮಡಚಿ ಬಂದರೆ ಅದಕ್ಕೆ ದಾರಿ ಉದ್ದವಾಗುತ್ತೆ, ಉರಿಯೋಕೆ ಹೊತ್ತು ಸಿಗುತ್ತೆ. ಹಗುರ ತುಂಡು ಹಾರಬಾರದು ಅಂದ್ರೆ ಸೆಳೆತ ಮೆತ್ತಗಾಗಬೇಕು.

ಮಾವ: ಅಂದರೆ ನಾಜಲ್?

ಅಳಿಯ: ಅಗಲ ಮಾಡಬೇಕು. ತೂತು ಸಣ್ಣ ಇದ್ದರೆ ಸ್ಟೀಮು ರಭಸದಲ್ಲಿ ನುಗ್ಗಿ ಗಾಳಿ ಜೋರಾಗಿ ಎಳೆಯುತ್ತೆ, ಸಿಲಿಂಡರಿನ ಹಿಂದೊತ್ತಡವೂ ಹೆಚ್ಚುತ್ತೆ. ಅಗಲ ಆದರೆ ಇಂಜಿನ್ನು ಹಗುರವಾಗಿ ಉಸಿರಾಡುತ್ತೆ. ಗ್ರೇಟಿನ ಸಂದು ಮಾತ್ರ ಕಿರಿದು ಮಾಡಬೇಕು, ಇಲ್ಲಾಂದ್ರೆ ಸಣ್ಣ ಕೆಂಡ ಉರಿಯೋ ಮುಂಚೆ ಬೂದಿತಟ್ಟೆಗೆ ಬೀಳುತ್ತೆ.

ಮಾವ: ಆಂಥ್ರಸೈಟಿಗಾದರೆ ಇದಕ್ಕೆಲ್ಲ ಉಲ್ಟಾ.

ಅಳಿಯ: ಪೂರ್ತಿ ಉಲ್ಟಾ. ನಾಜಲ್ ಕಿರಿದು, ಹಾಸಿಗೆ ದಪ್ಪ, ಸಂದು ಅಗಲ, ಮೇಲ್ಗಾಳಿ ಬಂದ್. ಎರಡನ್ನೂ ಬೆರೆಸಿದರೆ ಹೇಗೆ ಮಾವ? ಆಂಥ್ರಸೈಟು ಮೂರು ಪಾಲು, ಹುರಿದದ್ದು ಒಂದು ಪಾಲು. ಒಂದು ಕಾವು ಹಿಡಿಯುತ್ತೆ, ಇನ್ನೊಂದು ಹತ್ತಿಸಿಕೊಡುತ್ತೆ. ಲೆಕ್ಕ ಹಾಕಿದರೆ ಒಟ್ಟು ಅನಿಲ ವೇಲ್ಸಿನದರ ಹತ್ತಿರವೇ ಬರುತ್ತೆ.

ಮಾವ: ಕಾಗದದ ಮೇಲೆ ಬರುತ್ತೆ. ಬೆಂಕಿಯಲ್ಲಿ ಹುರಿದದ್ದು ಮೊದಲು ಉರಿದು ಹೋಗುತ್ತೆ, ಆಂಥ್ರಸೈಟಿನ ಕಲ್ಲು ಆಮೇಲೆ. ಬಕೆಟ್ಟಿನಲ್ಲಿ ಬೆರೆಸಿಟ್ಟರೆ ನಿನ್ನ ಕೈಗೆ ಹಿಡಿತ ಇರಲ್ಲ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಕೊ. ಓಡ್ತಾ ಇರೋವಾಗ ಕಲ್ಲು ಹಾಕು. ಸ್ಟೇಷನ್ನಿಗೆ ಬರೋ ಸ್ವಲ್ಪ ಮುಂಚೆ ಒಂದು ಚಮಚ ಹುರಿದದ್ದು ಹಿಂದಿನ ಮೂಲೆಗಳಿಗೆ. ಆ ತಂದೆಗೆ ಉತ್ತರ ಹೇಳೋ ಅಷ್ಟು ಹೊತ್ತು ಅದು ಉರಿ ಕಾಯುತ್ತೆ. ಹೊರಡೋವಾಗ ಮತ್ತೆ ಕಲ್ಲು.

ಅಳಿಯ: ಅದು ಹೊಳೆದೇ ಇರಲಿಲ್ಲ. ಹಾಗಾದರೆ ನಾಜಲ್ ಸದ್ಯಕ್ಕೆ ಒಂದು ಕೂದಲೆಳೆ ಅಗಲ ಕೊರೆದು ನೋಡ್ತೀನಿ.

ಮಾವ: ಇರೋದನ್ನ ಕೊರೀಬೇಡ ಮಾರಾಯ. ಹಿತ್ತಾಳೆ ತುಂಡಿಗೇನು ಬರ? ಲೇತ್ ಮೇಲೆ ಹೊಸದು ಎರಡು ಮೂರು ತಿರುಗಿಸ್ಕೊ, ಒಂದಕ್ಕಿಂತ ಒಂದು ಸ್ವಲ್ಪ ದೊಡ್ಡದು. ಪ್ರತಿಯೊಂದರ ಮೇಲೂ ಅಳತೆ ಕೊರೆದಿಡು. ನಾಳೆ ನಿಮ್ಮ ಡಿಪೋದವನು ಏನು ತಂದು ಸುರೀತಾನೋ ಯಾರಿಗೆ ಗೊತ್ತು?